ಹೊಸ ಕಾರ್ಡಿನ ನಾದ

ತಬಲಾ ಮೇಷ್ಟ್ರು ಚನ್ನವೀರಯ್ಯ ತಮ್ಮ ಕಂಪ್ಯೂಟರಿಗೆ ಹೊಸ ಸೌಂಡ್ ಕಾರ್ಡ್ ಹಾಕಿಸಿದರು. ಹೆಡ್‌ಫೋನ್ ಕಿವಿಗೇರಿಸಿಕೊಂಡು, "ಆಹಾ! ಹಳೇ ಚಿಪ್‌ನಲ್ಲಿ ಈ ಡಗ್ಗಾದ ನಾದ ಎಲ್ಲಿತ್ತು!" ಎಂದು ತಲೆದೂಗಿದರು.

"ಕೇಳಿದೆಯಾ?" ಎಂದು ಕಾರ್ಡ್ ಬೀಗಿತು.

ಮದರ್‌ಬೋರ್ಡಿನಲ್ಲೇ ಹುಟ್ಟಿದ ಆ ಹಳೇ ಆಡಿಯೋ ಚಿಪ್ ಕೆಂಡವಾಯಿತು. "ಎಲೈ ಕಾರ್ಡೇ, ಹೆಡ್‌ಫೋನಿನ ಪಿನ್ ಇನ್ನೂ ನನ್ನ ತೂತಿನಲ್ಲೇ ಇದೆ. ನೀನಿನ್ನೂ ಬಾಯೇ ಬಿಟ್ಟಿಲ್ಲ! ಹಿತ್ತಲ ಗಿಡ ಮದ್ದಲ್ಲ ಅನ್ನಲಿ, ಪರವಾಗಿಲ್ಲ. ನನ್ನ ಕಷಾಯ ಕುಡಿದು ಅಂಗಡಿಯ ಬಾಟಲಿಯನ್ನು ಹೊಗಳುವುದೇ? ಹೆಡ್‌ಫೋನೇ, ನೀನಾದರೂ ನಿಜ ಹೇಳು!"

"ನಾನು ಅವರ ಕಿವಿಯವರೆಗೆ ಮಾತ್ರ ಹೋಗಬಲ್ಲೆ" ಎಂದಿತು ಹೆಡ್‌ಫೋನ್.

ಅಷ್ಟರಲ್ಲಿ ಧೂಳು ಒರೆಸಲು ಬಂದ ಮೇಷ್ಟ್ರ ಹೆಂಡತಿ ನೀಲಾಂಬಿಕೆ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರು. "ಏನ್ರೀ, ವೈರು ಹಳೇ ತೂತಲ್ಲೇ ಇದೆಯಲ್ಲ!"

ಚಿಪ್ ಎದೆಯುಬ್ಬಿಸಿತು.

ಮೇಷ್ಟ್ರು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, "ನೋಡಿದೆಯಾ, ಹೊಸದರ ಸಹವಾಸಕ್ಕೆ ಹಳೆಯದೂ ಸುಧಾರಿಸಿದೆ!" ಎಂದರು.

ಅಂದಿನಿಂದ ಆ ತೂತಿಗೆ ಏನು ಚುಚ್ಚಿದರೂ ಗುಂಯ್ ಎಂಬ ಸದ್ದು. ರಿಪೇರಿಯವರು ಅದನ್ನು ದೋಷ ಎನ್ನುತ್ತಾರೆ. ಅದು ಸಿಟ್ಟು.