ಬಾಮೈದನ ಕೈಗೆ ಹತ್ತಕ್ಕೆ ಹತ್ತು

ಸಕ್ಕರೆ ಕಾರ್ಖಾನೆಯ ಕ್ರಿಕೆಟ್ ತಂಡಕ್ಕೆ ಒಬ್ಬ ಗುಮಾಸ್ತನೇ ಕ್ಯಾಪ್ಟನ್. ಚೆಂಡು ಎಸೆಯುವ ಕೈಬಲಕ್ಕೆ ಅಂಕ ಹಾಕುವವನೂ ಅವನೇ. ಹೆಚ್ಚು ಅಂಕದವರು ಬೌಂಡರಿಗೆ, ಕಡಿಮೆಯವರು ವಿಕೆಟ್ ಹತ್ತಿರಕ್ಕೆ.

"ನನ್ನ ಬಾಮೈದನಿಗೆ ಹತ್ತಕ್ಕೆ ಹತ್ತು ಹಾಕು. ಇಲ್ಲದಿದ್ರೆ ನಿನ್ನ ಕ್ಯಾಪ್ಟನ್‌ಗಿರಿ ಮುಗೀತು," ಎಂದು ಮ್ಯಾನೇಜರ್ ಚೆನ್ನಬಸಪ್ಪ ಗುಡುಗಿದರು.

"ಆಗಲಿ ಸಾರ್," ಎಂದ ಗುಮಾಸ್ತ, ಫೈನಲ್ ದಿನ ಬಾಮೈದನನ್ನು ದೂರದ ಬೌಂಡರಿಗೆ ಕಳಿಸಿದ.

ಬಾಮೈದ ಎಸೆದ ಚೆಂಡು ಅರ್ಧ ದಾರಿಯಲ್ಲೇ ಬೀಳುತ್ತಿತ್ತು. ಎದುರಾಳಿಗಳು ಒಂದು ರನ್ನಿನ ಜಾಗದಲ್ಲಿ ಮೂರು ಓಡಿದರು.

"ಕಪ್ ಹೋಗುತ್ತಲ್ಲಯ್ಯ! ಅವನನ್ನ ಹತ್ತಿರ ಕರಿ!" ಎಂದು ಮೈದಾನದಂಚಿನ ಕುರ್ಚಿಯಿಂದ ಮ್ಯಾನೇಜರ್ ಕೂಗಿದರು.

"ಕರೀತೀನಿ ಸಾರ್. ಎಷ್ಟು ಅಂಕ ಕಳೀಲಿ?"

"ಏಳು ಮಾಡು!" ಚೆಂಡು ಆಗಲೂ ವಿಕೆಟ್ ಮುಟ್ಟಲಿಲ್ಲ. "ನಾಲ್ಕು ಮಾಡಯ್ಯ!"

ಕೊನೆಗೆ ಬಾಮೈದ ವಿಕೆಟ್ ಪಕ್ಕಕ್ಕೇ ಬಂದು ನಿಂತ.

"ಸೊನ್ನೆಗೆ ಬಂತು ಸಾರ್. ಇನ್ನೂ ಹತ್ತಿರ ಕರೀಲಾ?"

ಮ್ಯಾನೇಜರ್ ಬೆವರು ಒರೆಸಿಕೊಂಡರು. "ಹೂಂ. ಇಲ್ಲಿ, ನನ್ನ ಪಕ್ಕದ ಕುರ್ಚಿಗೆ."