ದೊರೆಯ ನೀರು ದೊರೆಗೇ

"ನನ್ನ ಅಪ್ಪಣೆಯಿಲ್ಲದೆ ನನ್ನ ಕೆರೆಯಿಂದ ಒಂದು ಹನಿಯೂ ಆಚೆ ಹೋಗದು! ಹೋದರೆ, ಒಯ್ದವನ ಬೆನ್ನಿಗೆ ಛಡಿಯೇಟು!"

ಕರಡಿಗುಡ್ಡದ ಪಾಳೆಯಗಾರ ಗುಜ್ಜಲನಾಯಕರು ಹೀಗೆ ಮೀಸೆ ತಿರುವಿದಾಗ ಆಸ್ಥಾನವೆಲ್ಲ "ಭಲೇ!" ಎಂದಿತು. ಎಲ್ಲರಿಗಿಂತ ಜೋರಾಗಿ ಅಂದವನು ನಾನು, ವಿದೂಷಕ ಜಟ್ಟಪ್ಪ. ಅನ್ನ ಹಾಕುವುದೇ ಅದಕ್ಕೆ.

ಮಣ್ಣಿನ ಏರಿಯ ಆ ಕೆರೆ ದೊರೆಯ ಸ್ವಂತದ್ದು. ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗಲು ಪಕ್ಕದಲ್ಲಿ ಕೋಡಿಯಿತ್ತು. ನೀರು ದಂಡವಾಗುತ್ತದೆಂದು ದೊರೆ ಅದಕ್ಕೆ ಕಲ್ಲು ಜಡಿಸಿಬಿಟ್ಟಿದ್ದರು. ಏರಿಯ ಕೆಳಗೆ ಒಂದು ಕೇರಿ. ಅದರ ಮೊದಲ ಮನೆ ನನ್ನದು. ಜಾಗ ಅಗ್ಗಕ್ಕೆ ಸಿಕ್ಕಿತೆಂದು ಅಲ್ಲಿ ಕಟ್ಟಿಕೊಂಡ ಮಹಾಜಾಣ!

ಮನೆಗೆ ಬಂದು ನೋಡುತ್ತೇನೆ, ಹಿತ್ತಲಲ್ಲಿ ಏರಿಯ ಬುಡ ಜಿನುಗುತ್ತಿದೆ.

"ಹೋಗಿ ದೊರೆಗೆ ಹೇಳಿ," ಎಂದಳು ಹೆಂಡತಿ ನಿಂಗಾಜಮ್ಮ.

"ಸೋರುತ್ತೆ ಅಂದರೆ ದೊರೆ ಹೇಳಿದ್ದು ಸುಳ್ಳು ಅಂದ ಹಾಗೆ ಕಣೇ. ನಾಲಿಗೆ ಕಿತ್ತಾರು."

"ಕೀಳಲಿ ಬಿಡಿ, ಮನೆ ತಣ್ಣಗಿರುತ್ತೆ."

"ಹೇಳದಿದ್ದರೆ ನಾನು ನೀರುಗಳ್ಳ. ಛಡಿಯೇಟು!"

ನಾಲಿಗೆ, ಬೆನ್ನು ಎರಡನ್ನೂ ಉಳಿಸುವ ದಾರಿ ಹುಡುಕಿದೆ. ಬೆಳಗ್ಗೆ ಜಿನುಗುನೀರನ್ನು ಕೊಡಕ್ಕೆ ತುಂಬಿ ಆಸ್ಥಾನಕ್ಕೆ ಹೊತ್ತೆ.

"ಏನೋ ಅದು?"

"ತಮ್ಮ ನೀರು, ದೊರೆ. ಅಪ್ಪಣೆ ಕೇಳದೆ ನನ್ನ ಹಿತ್ತಲಿಗೆ ಬಂದಿತ್ತು. ಹಿಡಿದು ತಂದೆ."

ದೊರೆ ಹೊಟ್ಟೆ ಹಿಡಿದು ನಕ್ಕರು. "ಹಳೇ ಏರಿ, ಒಂದಿಷ್ಟು ಬೆವರುತ್ತೆ ಕಣೋ! ದಿನಾ ಹೊತ್ತು ತಂದು ಕೆರೆಗೇ ಸುರಿ, ಹೋಗು!"

ಅಂದಿನಿಂದ ನನಗೆ ಅದೇ ಉದ್ಯೋಗ. ಒಮ್ಮೆ ಏರಿಯ ಮೇಲೆ ಜಾರಿಬಿದ್ದೆ. ಕೊಡ ಉಳಿಯಿತು, ಸೊಂಟ ಹೋಯಿತು. ಅದನ್ನೇ ಕೇರಿಯವರಿಗೆ ಹುಲಿಯೊಡನೆ ಕಾದಾಡಿದ ಕತೆಯಾಗಿ ಹೇಳಿದ್ದೇನೆ, ನೀವು ಬಾಯಿಬಿಡಬೇಡಿ.

ಒಂದು ದಿನ ಜಡಿಮಳೆ ಹೊಯ್ದು ಕೆರೆ ಏರಿಯ ನೆತ್ತಿಗೆ ಬಂತು. ನಿಂಗಾಜಮ್ಮ ಕೊಡ ತುಂಬಿದವಳೇ ಕೂಗಿದಳು: "ನೋಡಿ ಇಲ್ಲಿ! ನಿನ್ನೆವರೆಗೂ ತಿಳಿಯಾಗಿತ್ತು, ಇವತ್ತು ಕೆಮ್ಮಣ್ಣು ಬರುತ್ತಿದೆ!"

ಹೆಂಡತಿಯನ್ನು ಕರೆದುಕೊಂಡು ಅತ್ತೆಯ ಮನೆಗೆ ಓಡೋಣವೆನಿಸಿತು. ಅತ್ತೆಯ ಮುಖ ನೆನಪಾಗಿ ಅರಮನೆಗೇ ಓಡಿದೆ.

"ಮತ್ತೆ ಕೊಡವೇ? ಕೆರೆಗೆ ಸುರಿ ಅಂದಿರಲಿಲ್ಲವೇನೋ?" ಎಂದರು ದೊರೆ.

"ಇವತ್ತಿನದನ್ನು ಕೆರೆಗೆ ಸುರಿಯಲೋ ಏರಿಗೆ ಮೆತ್ತಲೋ ತಿಳಿಯಲಿಲ್ಲ, ದೊರೆ."

ದೊರೆ ಬೆರಳದ್ದಿ ನೋಡಿದರು. "ಥೂ, ಕೆಸರು!"

"ಕೆಸರಲ್ಲ, ತಮ್ಮ ಏರಿ. ಇಷ್ಟು ದಿನ ನೀರೊಂದೇ ಬರುತ್ತಿತ್ತು, ಇವತ್ತು ಏರಿಯನ್ನೂ ಕರೆದುಕೊಂಡು ಹೊರಟಿದೆ. ನಾಳೆ ಕೆರೆಯೇ ಬಂದರೆ, ಹಿಂದಕ್ಕೆ ತಂದೊಪ್ಪಿಸಲು ನನ್ನ ಹತ್ತಿರ ಅಷ್ಟು ದೊಡ್ಡ ಕೊಡವಿಲ್ಲ!"

ಈ ಸಲ ಯಾರೂ "ಭಲೇ" ಅನ್ನಲಿಲ್ಲ. ದೊರೆ ಬರಿಗಾಲಲ್ಲೇ ಏರಿಗೆ ಓಡಿದರು. ಕೋಡಿಯ ಕಲ್ಲು ಕೀಳಿಸಿದರು, ತೂಬು ಎತ್ತಿಸಿದರು, ಜಿನುಗುವ ಕಡೆ ಮರಳು, ಜಲ್ಲಿ ಹಾಸಿಸಿದರು. ಸಂಜೆಗೆ ಕೋಡಿ ಭೋರೆಂದು ಹರಿಯಿತು. ಕೇರಿ ಉಳಿಯಿತು.

"ಮೆಚ್ಚಿದೆ. ಏನು ಬೇಕು ಕೇಳು," ಎಂದರು ದೊರೆ.

"ಗುಡ್ಡದ ಮೇಲೆ, ಅರಮನೆಯ ಪಕ್ಕ, ಒಂದು ಮನೆ."

"ಅದೊಂದು ಬೇಡ ಜಟ್ಟಪ್ಪ! ಇನ್ನು ಮೇಲೆ ಏರಿ ಕಾಯುವವನು ನೀನೇ. ನಿನ್ನಂಥ ಪುಕ್ಕಲ ಅದರ ಬುಡದಲ್ಲಿ ಮಲಗಿದ್ದರೇ ನನಗೆ ನಿಶ್ಚಿಂತೆ!" ದೊರೆ ನಗುತ್ತಾ ಕೈತಟ್ಟಿದರು.

ಇಬ್ಬರು ಆಳುಗಳು ಏದುಸಿರು ಬಿಡುತ್ತಾ ಬಹುಮಾನ ಹೊತ್ತು ತಂದರು. ಅರಮನೆಯಲ್ಲಿದ್ದುದರಲ್ಲೇ ಅತಿ ದೊಡ್ಡ ಕೊಡ.