ಮೂರು ಸಲ ಸುಟ್ಟ ಫ್ಯೂಸ್

ಕಪಿಲಾ ನದಿಯ ದಡದಲ್ಲಿ ಒಂದು ಚಿಕ್ಕ ಆಶ್ರಮವಿತ್ತು. ಅಲ್ಲಿಯ ಗುರುಗಳ ಹೆಸರು ನಿರಂಜನಯ್ಯ. ಸುತ್ತಲಿನ ಹಳ್ಳಿಯವರೆಲ್ಲ ಅವರನ್ನು ‘ಬುದ್ಧಿ’ ಎಂದೇ ಕರೆಯುತ್ತಿದ್ದರು.

ಆಶ್ರಮಕ್ಕೆ ಒಂದು ಹಳೆಯ ಲಾರಿ ಇತ್ತು. ಅಕ್ಕಿ ಗಿರಣಿಯವರೊಬ್ಬರು ಹೊಸ ಲಾರಿ ಕೊಂಡಾಗ ಹಳೆಯದನ್ನು ತಂದು ಬಿಟ್ಟು ಹೋಗಿದ್ದರು. ಸೌದೆಗೆ, ರಾಗಿಗೆ, ಹುಲ್ಲಿಗೆ ಅದೇ ಲಾರಿ. ತಿಂಗಳಿಗೊಮ್ಮೆ ಹಳ್ಳಿಗಳ ವಯಸ್ಸಾದವರನ್ನು ಕಣ್ಣಿನ ಪೊರೆ ತೆಗೆಸಲು ಪೇಟೆಯ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ.

ಲಾರಿ ಓಡಿಸುತ್ತಿದ್ದವನು ಶಿಷ್ಯ ಚೆನ್ನಂಜಪ್ಪ. ವಯಸ್ಸು ಐವತ್ತು ದಾಟಿತ್ತು. ಆಶ್ರಮ ಸೇರುವ ಮೊದಲು ಇಪ್ಪತ್ತು ವರ್ಷ ಊರೂರಿಗೆ ಲಾರಿ ಹೊಡೆದವನು.

ಒಂದು ದಿನ ಅವನು ಗುರುಗಳ ಹತ್ತಿರ ಬಂದ.

“ಬುದ್ಧಿ, ಲಾರಿಗೊಂದು ಸ್ಟೀರಿಯೋ ಸೆಟ್ ಹಾಕ್ಲಾ?”

“ಯಾತಕ್ಕೆ?”

“ಹಿಂದೆ ಕೂತೋರು ಹೆದರ್ತಾರೆ. ಕಣ್ಣು ಕಾಣಲ್ಲ, ಹಲಗೆ ಗಡಗಡ ಅನ್ನುತ್ತೆ. ಹೋದ ತಿಂಗಳು ಚಿಕ್ಕತಾಯವ್ವ ಸೇತುವೆ ಹತ್ರ ಇಳಿದು ಮನೆ ಕಡೆ ಹೊರಟೇಬಿಟ್ರು. ಎಷ್ಟು ಹೇಳಿದ್ರೂ ಮತ್ತೆ ಹತ್ತಲಿಲ್ಲ. ಪದ ಹಾಡ್ತಾ ಇದ್ರೆ ಭಯ ಮರೀತಾರೆ.”

“ನಿನಗೂ ಹಾಡು ಬೇಕಾ?”

ಚೆನ್ನಂಜಪ್ಪ ಹೇಳಿದ. “ಬೇಕು ಬುದ್ಧಿ.”

“ಹಾಗಾದ್ರೆ ಹಾಕು,” ಅಂದರು ಗುರುಗಳು.

ಪೇಟೆಯಲ್ಲಿ ಖಲೀಲ್ ಎಂಬವರು ಲಾರಿಗಳ ವೈರಿಂಗ್ ಕೆಲಸ ಮಾಡುತ್ತಿದ್ದರು. ಚೆನ್ನಂಜಪ್ಪನಿಗೆ ಹಳೆಯ ಪರಿಚಯ. ಸೆಟ್ಟು, ಎರಡು ಸ್ಪೀಕರು, ವೈರು, ಎಲ್ಲ ಅವರೇ ಕೊಟ್ಟರು. ಜೊತೆಗೆ ಅಂಗೈಯಗಲದ ಒಂದು ಡಬ್ಬಿ.

“ಲಾರಿದು ಇಪ್ಪತ್ನಾಲ್ಕು ವೋಲ್ಟು, ಸೆಟ್ಟಿಂದು ಹನ್ನೆರಡು. ನೇರ ಕೊಟ್ರೆ ಸೆಟ್ಟು ಹೋಯ್ತು. ಮಧ್ಯೆ ಈ ಡಬ್ಬಿ ಹಾಕಿ,” ಅಂದರು ಖಲೀಲ್. “ಇದು ಫ್ಯೂಸು. ಬ್ಯಾಟರಿ ಪಕ್ಕದಲ್ಲೇ ಇರಲಿ. ಹಾಕದೆ ಬಿಟ್ಟೀರಿ ಮತ್ತೆ. ಮೂರು ಕೊಟ್ಟಿದ್ದೀನಿ. ನಾನೇ ಬಂದು ಹಾಕ್ಲಾ?”

“ಬೇಡ ಖಲೀಲಣ್ಣ. ಇಪ್ಪತ್ತು ವರ್ಷ ಇದರಲ್ಲೇ ಇದ್ದೋನು ನಾನು.”

ಮರುದಿನ ಅವನು ಡ್ಯಾಶ್‌ಬೋರ್ಡ್ ಬಿಚ್ಚಿದ. ಒಳಗೆ ಎಷ್ಟೋ ಕೈ ಆಡಿದ ವೈರುಗಳು ಜಡೆ ಹೆಣೆದ ಹಾಗೆ ಬಿದ್ದಿದ್ದವು. ಯಾವುದನ್ನೂ ಮುಟ್ಟದೆ, ಬ್ಯಾಟರಿಯಿಂದ ಹೊಸ ವೈರು ಎಳೆದ. ಕ್ಯಾಬಿನ್ನಿನ ತಗಡಿನಲ್ಲಿ ಮೊದಲೇ ಒಂದು ತೂತಿತ್ತು. ಅದರೊಳಗಿಂದ ವೈರು ತೂರಿಸಿ, ಡಬ್ಬಿಗೆ ಕೊಟ್ಟು, ಡಬ್ಬಿಯಿಂದ ಸೆಟ್ಟಿಗೆ ಕೊಟ್ಟ. ಒಂದು ಸ್ಪೀಕರು ಮುಂದೆ, ಒಂದು ಹಿಂದೆ.

ಸೆಟ್ಟು ಹಾಡಿತು. ಅಡುಗೆ ಮನೆಯವರು ಹೊರಗೆ ಬಂದು ನಿಂತು ಕೇಳಿದರು.

ಸಂಜೆ ಲಾರಿ ತೆಗೆದು ಕಾಲುವೆ ಏರಿ ಮೇಲೆ ಹೊರಟ. ಮೊದಲ ಹಳ್ಳಕ್ಕೆ ಚಕ್ರ ಇಳಿದ ಕೂಡಲೇ ಹಾಡು ನಿಂತಿತು. ಇಳಿದು ನೋಡಿದರೆ ಫ್ಯೂಸು ಸುಟ್ಟಿತ್ತು.

ಎರಡನೆಯದು ಹಾಕಿದ. ಆಶ್ರಮದ ಗೇಟಿನ ತನಕ ಬಂತು. ಅಲ್ಲಿ ಅದೂ ಸುಟ್ಟಿತು.

ಬಾವಿಕಟ್ಟೆಯ ಹತ್ತಿರ ಗುರುಗಳು ಸಿಕ್ಕರು.

“ವಿಚಿತ್ರ ಬುದ್ಧಿ,” ಅಂದ ಚೆನ್ನಂಜಪ್ಪ. “ನಿಂತಾಗ ಹಾಡುತ್ತೆ. ಓಡುವಾಗ ನಿಲ್ಲುತ್ತೆ.”

“ಓಡುವಾಗ ಏನು ಅಲ್ಲಾಡುತ್ತೆ?”

“ಈ ಲಾರೀಲಿ ಅಲ್ಲಾಡದೆ ಇರೋದು ಯಾವುದು ಬುದ್ಧಿ?” ಎಂದು ಅವನು ನಕ್ಕ.

ಗುರುಗಳು ನಗಲಿಲ್ಲ. ನೀರು ಸೇದಿಕೊಂಡು ಹೋದರು.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮೂರನೆಯ ಫ್ಯೂಸೂ ಸುಟ್ಟಿತು. ಪೇಟೆಗೆ ಹೋಗಿಬರಲು ಹೊತ್ತಿರಲಿಲ್ಲ. ಹೊತ್ತಿದ್ದರೂ ಖಲೀಲರ ಮುಂದೆ ಹೋಗಿ ನಿಲ್ಲಲು ಅವನಿಗೆ ಮನಸ್ಸಿರಲಿಲ್ಲ. ಇಪ್ಪತ್ತು ವರ್ಷದ ಮಾತು ಆಡಿ ಬಂದಿದ್ದ.

ಒಂದು ತುಂಡು ವೈರು ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ತೆಗೆದು, ಸುಟ್ಟ ಫ್ಯೂಸಿನ ಮೇಲೆ ಬಿಗಿಯಾಗಿ ಸುತ್ತಿದ. ಲಾರಿಯನ್ನು ಕಾಲುವೆ ಏರಿ ಮೇಲೆ ಎರಡು ಸಲ ಓಡಿಸಿದ. ಹಾಡು ನಿಲ್ಲಲಿಲ್ಲ.

ಅವನು ವಾಪಸು ಬಂದಾಗ ಗುರುಗಳು ಜಗುಲಿಯ ಮೇಲಿದ್ದರು.

“ಸರಿಹೋಯ್ತಾ?”

“ಸರಿಹೋಯ್ತು ಬುದ್ಧಿ,” ಅಂದ, ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ಒರೆಸುತ್ತ.

“ಏನಾಗಿತ್ತು?”

“ಏನೋ ಸಣ್ಣದು.”

ಮರುದಿನ ಬೆಳಿಗ್ಗೆ ಹನ್ನೊಂದು ಜನ ಹತ್ತಿದರು. ಗಂಡಸರಲ್ಲಿ ಹಿರಿಯರು ಸಿದ್ದಮಲ್ಲಪ್ಪ, ಹಿಂದೆ ಊರಿನ ಯಜಮಾನಿಕೆ ಮಾಡಿದ್ದವರು. ಚಿಕ್ಕತಾಯವ್ವನೂ ಬಂದಿದ್ದಳು. ಹಾಡು ಇರುತ್ತೆ ಎಂದು ಚೆನ್ನಂಜಪ್ಪನೇ ಅವಳ ಮನೆಗೆ ಹೋಗಿ ಒಪ್ಪಿಸಿದ್ದ. ಗುರುಗಳು ಹಿಂದೆ, ಅವರೆಲ್ಲರ ಜೊತೆ ಹುಲ್ಲಿನ ಮೇಲೆ ಕೂತರು.

ಸೆಟ್ಟಿನಲ್ಲಿ ಪದ ಶುರುವಾಯಿತು. ಹಿಂದಿನಿಂದ ಮಾತು ಕೇಳಿಸತೊಡಗಿತು. ಯಾರೋ ತಾಳ ಹಾಕಿದರು. ಕನ್ನಡಿಯಲ್ಲಿ ಚಿಕ್ಕತಾಯವ್ವನ ತಲೆ ತೂಗುವುದು ಕಂಡಿತು. ಚೆನ್ನಂಜಪ್ಪನಿಗೆ ಬಹಳ ಸಂತೋಷವಾಯಿತು.

ಲಾರಿ ಸೇತುವೆ ದಾಟಿತು. ಯಾರೂ ಇಳಿಯಲಿಲ್ಲ.

ಸೇತುವೆಯಾಚೆ ರಸ್ತೆ ಕಿತ್ತುಹೋಗಿತ್ತು. ಅರ್ಧ ಮೈಲಿ ಹೋಗುವಷ್ಟರಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಕಾಲ ಹತ್ತಿರದಿಂದ ಹೊಗೆ ಎದ್ದಿತು. ಹಾಡು ಇನ್ನೂ ನಡೆದೇ ಇತ್ತು.

ಅವನು ಲಾರಿ ನಿಲ್ಲಿಸಿ ಕೆಳಗೆ ಹಾರಿದ.

“ಬುದ್ಧಿ, ಎಲ್ಲರನ್ನೂ ಇಳಿಸಿ.”

ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಕಿತ್ತೆಸೆದ. ತಾನು ಎಳೆದಿದ್ದ ವೈರು ಕೆಂಪಾಗಿ ಕಾದಿತ್ತು. ಹೆಗಲ ಮೇಲಿನ ಟವಲು ಸುತ್ತಿ ಹಿಡಿದು ಎಳೆದ. ಟವಲು ಸುಟ್ಟಿತು, ಅಂಗೈ ಸುಟ್ಟಿತು. ಮತ್ತೆ ಎಳೆದ. ವೈರು ಕಿತ್ತು ಬಂತು.

ಹಾಡು ನಿಂತಿತು. ಹೊಗೆ ನಿಧಾನಕ್ಕೆ ತಗ್ಗಿತು.

ಅಷ್ಟರಲ್ಲಿ ಗುರುಗಳು ಹಿಂದಿನ ಹಲಗೆ ಇಳಿಸಿ, ಒಬ್ಬೊಬ್ಬರ ಕೈ ಹಿಡಿದು ಇಳಿಸಿ, ಹೊಂಗೆ ಮರದ ನೆರಳಿಗೆ ಕರೆದುಕೊಂಡು ಹೋಗಿದ್ದರು. ಚೆನ್ನಂಜಪ್ಪ ಓಡಿ ಬಂದು ಎಣಿಸಿದ. ಹನ್ನೊಂದು. ಮತ್ತೊಮ್ಮೆ ಎಣಿಸಿದ. ಹನ್ನೊಂದೇ.

ಅಲ್ಲೇ ಕೂತುಬಿಟ್ಟ.

“ಏನಾಯ್ತು ಮಗ?” ಅಂದಳು ಚಿಕ್ಕತಾಯವ್ವ, ದನಿ ಬಂದ ಕಡೆ ತಿರುಗಿ.

“ಏನಿಲ್ಲ ಕಣವ್ವ. ವೈರು ಸುಟ್ಟಿತು. ಈಗ ಆರಿತು.”

“ಆ ಸಾಬ್ರು ಕೊಟ್ಟ ಡಬ್ಬಿದೇ ಕೆಲಸ,” ಅಂದರು ಸಿದ್ದಮಲ್ಲಪ್ಪ. ಖಲೀಲರ ಡಬ್ಬಿಯ ಸುದ್ದಿ ಬೆಳಿಗ್ಗೆ ಹತ್ತುವಾಗಲೇ ಅವರ ಕಿವಿಗೆ ಬಿದ್ದಿತ್ತು. “ಎಂಥದೋ ಕಳಪೆ ಮಾಲು ಕೊಟ್ಟಿದ್ದಾನೆ. ಇನ್ನು ನಮ್ಮ ಸೀಮೆಯೋರು ಯಾರೂ ಅವನ ಅಂಗಡಿ ಮೆಟ್ಟಿಲು ಹತ್ತಬಾರದು. ನಾನೇ ಹೇಳಿ ಕಳಿಸ್ತೀನಿ.”

ಉಳಿದವರು ಹೌದು ಹೌದು ಅಂದರು.

ಚೆನ್ನಂಜಪ್ಪ ಎದ್ದು ಲಾರಿಯ ಕಡೆ ಹೋದ.

ಲಾರಿಯ ಸ್ವಂತ ವೈರುಗಳಿಗೆ ಏನೂ ಆಗಿರಲಿಲ್ಲ. ಒಂದೆರಡರ ಮೈ ಕಪ್ಪಾಗಿತ್ತು, ಅಷ್ಟೆ. ಸುಟ್ಟ ವೈರನ್ನು ಪೂರ್ತಿ ಎಳೆದು ಹೊರಗೆ ಹಾಕಿದ. ಉಳಿದ ಪ್ರತಿಯೊಂದನ್ನೂ ಕೈಯಿಂದ ಸವರಿ ನೋಡಿದ. ಕೀಲಿ ತಿರುಗಿಸಿದ. ಎಂಜಿನ್ ಶುರುವಾಯಿತು.

ಮತ್ತೆ ಎಲ್ಲರನ್ನೂ ಹತ್ತಿಸಿದರು. ಚಿಕ್ಕತಾಯವ್ವ ಹಲಗೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಗುರುಗಳು ಕೈ ಚಾಚಿದರು. ಹತ್ತಿದಳು.

ಆಸ್ಪತ್ರೆಗೆ ಮುಟ್ಟುವಾಗ ಹೇಳಿದ ಹೊತ್ತು ಮೀರಿರಲಿಲ್ಲ. ಹನ್ನೊಂದು ಜನರನ್ನೂ ಒಳಗೆ ಕರೆದುಕೊಂಡರು. ನರ್ಸಮ್ಮ ಚೆನ್ನಂಜಪ್ಪನ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು.

ಗುರುಗಳು ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅವನು ಹೋಗಿ ಅವರ ಎದುರು ನೆಲದ ಮೇಲೆ ಕೂತ.

“ಬುದ್ಧಿ, ಡಬ್ಬೀಲಿ ಏನೂ ತಪ್ಪಿಲ್ಲ.”

ಗುರುಗಳು ಅವನ ಕಡೆ ತಿರುಗಿದರು.

“ಫ್ಯೂಸು ಮೂರು ಸಲ ಸುಟ್ಟಿತ್ತು. ನಾನು ಅದರ ಮೇಲೆ ತಾಮ್ರ ಸುತ್ತಿದ್ದೆ. ಫ್ಯೂಸು ಇದ್ದಿದ್ರೆ ಅದೊಂದೇ ಸುಡ್ತಿತ್ತು. ಅದನ್ನ ಸುಡೋಕೆ ಬಿಡಲಿಲ್ಲ ನಾನು.”

“ಇದನ್ನ ನನಗೆ ಯಾಕೆ ಹೇಳ್ತಿದ್ದೀಯ?”

“ನೀವು ಗುರುಗಳು.”

“ಖಲೀಲನ ಬಗ್ಗೆ ನಾನೇನೂ ಅಂದಿಲ್ಲವಲ್ಲ.”

ಚೆನ್ನಂಜಪ್ಪ ತಲೆ ತಗ್ಗಿಸಿದ. “ನಿಮಗೆ ನಿನ್ನೇನೇ ಗೊತ್ತಿತ್ತಾ ಬುದ್ಧಿ?”

“ನನಗೆ ವೈರು, ಫ್ಯೂಸು ಒಂದೂ ಗೊತ್ತಿಲ್ಲ. ನೀನು ಸರಿಹೋಯ್ತು ಅಂದೆ. ಹಿಂದೆ ಹತ್ತಿ ಕೂತೆ.”

ಆ ಮಾತು ಅವನಿಗೆ ಅಂಗೈಗಿಂತ ಹೆಚ್ಚು ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಮುಗಿದಿತ್ತು. ಒಂದು ದೊಡ್ಡ ಕೋಣೆಯಲ್ಲಿ ಹನ್ನೊಂದು ಜನ ಒಂದೊಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಚೆನ್ನಂಜಪ್ಪ ಬಾಗಿಲಲ್ಲಿ ನಿಂತ. ಒಳಗೆ ಬಂದ. ಎರಡು ಸಾಲು ಮಂಚಗಳ ನಡುವೆ ನಿಂತ.

“ನಿಮ್ಮ ಹತ್ರ ಒಂದು ಮಾತು ಹೇಳಬೇಕು,” ಅಂದ. “ವೈರು ಸುಟ್ಟಿದ್ದು ಖಲೀಲಣ್ಣನ ಡಬ್ಬಿಯಿಂದ ಅಲ್ಲ. ನನ್ನಿಂದ. ಹಾಕಬಾರದ್ದನ್ನ ಹಾಕಿದ್ದೆ. ಹಾಕಬಾರದು ಅಂತ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನ ಹತ್ತಿಸಿಕೊಂಡೆ.”

“ಮತ್ತೆ ಮರದ ಕೆಳಗೆ ನಾನು ಅವನನ್ನ ಬೈತಿದ್ದಾಗ ಯಾಕೆ ಸುಮ್ಮನಿದ್ದೆ?” ಎಂದು ಕೇಳಿದರು ಸಿದ್ದಮಲ್ಲಪ್ಪ.

“ನಾಚಿಕೆ ಆಯ್ತು.”

“ಈಗ ಆಗ್ತಿಲ್ವಾ?”

“ಆಗ್ತಿದೆ.”

ಸಿದ್ದಮಲ್ಲಪ್ಪ ಕಣ್ಣಿನ ಪಟ್ಟಿ ಸರಿಮಾಡಿಕೊಂಡರು. ಆಮೇಲೆ, “ನನ್ನ ಬಾಯಿಂದ ಒಬ್ಬನ ಅಂಗಡಿ ಮುಚ್ಚಿಸ್ತಿದ್ದೆಯಲ್ಲಯ್ಯ. ಊರಿಗೆ ಹೇಳಿ ಕಳಿಸಿಲ್ಲ ಇನ್ನೂ. ಬಚಾವಾದೆ,” ಅಂದರು. ಯಾರು ಬಚಾವಾದದ್ದು ಎಂದು ಅವರು ಹೇಳಲಿಲ್ಲ.

ಮೂಲೆಯ ಮಂಚದಿಂದ ಚಿಕ್ಕತಾಯವ್ವ ಕರೆದಳು. “ಇಲ್ಲಿ ಬಾ ಮಗ. ಕೈ ಕೊಡು.”

ಅವನು ಕೈ ಕೊಟ್ಟ. ಅವಳು ಕಟ್ಟಿದ ಬಟ್ಟೆಯನ್ನು ಬೆರಳಿಂದ ತಡವಿ ನೋಡಿದಳು.

“ಬೊಬ್ಬೆ ಬಂದಿದೆಯಾ?”

“ಸ್ವಲ್ಪ ಬಂದಿದೆ ಕಣವ್ವ.”

“ಒಡೀಬೇಡ. ತಾನಾಗೇ ಹೋಗುತ್ತೆ.” ಆಮೇಲೆ ಕೇಳಿದಳು, “ವಾಪಸ್ ಹೋಗುವಾಗ ಹಾಡು ಇರುತ್ತಾ?”

ಅವನು ಹೊರಗೆ ಬಂದು ಲಾರಿ ಹತ್ತಿದ.

ಅಲ್ಲಿಂದ ನೇರ ಖಲೀಲರ ಅಂಗಡಿಗೆ ಹೋದ. ನಡೆದದ್ದೆಲ್ಲ ಹೇಳಿದ, ಮರದ ಕೆಳಗಿನ ಮಾತನ್ನೂ ಸೇರಿಸಿ.

ಖಲೀಲರು ಕೇಳಿಸಿಕೊಂಡು ಟಾರ್ಚು ತಗೊಂಡು ಲಾರಿಯ ಹತ್ತಿರ ಬಂದರು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಬೆರಳಿಟ್ಟು ನೋಡಿ ಚೆನ್ನಂಜಪ್ಪೋರೆ.”

ತಗಡಿನ ತೂತಿನ ಅಂಚು ಬ್ಲೇಡಿನಂತಿತ್ತು. ಲಾರಿ ಕುಲುಕಿದಾಗಲೆಲ್ಲ ವೈರು ಅದಕ್ಕೆ ತಾಗಿ ಸಿಪ್ಪೆ ಸವೆದಿತ್ತು.

“ಇಷ್ಟೇನಾ?” ಅಂದ ಚೆನ್ನಂಜಪ್ಪ.

“ಇಷ್ಟೇ. ಒಂದು ರಬ್ಬರ್ ಉಂಗುರ ಬೇಕಿತ್ತು.” ಖಲೀಲರು ಉಂಗುರವನ್ನು ತೂತಿಗೆ ಕೂರಿಸಿದರು. “ಮೊದಲನೇ ಫ್ಯೂಸು ಹೋದಾಗಲೇ ಬಂದಿದ್ರೆ ಟೀ ಕುಡಿಯೋಷ್ಟರಲ್ಲಿ ಮುಗೀತಿತ್ತು.”

“ನಿಮಗೆ ಸಿಟ್ಟು ಬರಲಿಲ್ವಾ?”

“ಬಂತು. ಎಲ್ಲರಿಗೂ ಏನೂ ಆಗಿಲ್ಲ ಅಂದ್ರಲ್ಲ, ಇಳೀತು. ಆ ಕಟಿಂಗ್ ಪ್ಲೇಯರ್ ಕೊಡಿ.”

ಹೊಸ ವೈರು ಎಳೆಯುವ ಕೆಲಸವನ್ನು ಖಲೀಲರು ಅವನಿಂದಲೇ, ಸುಡದ ಕೈಯಿಂದ, ಮಾಡಿಸಿದರು. ಕೊನೆಗೆ ಹೊಸ ಫ್ಯೂಸು ಹಾಕಿ ಪೆಟ್ಟಿಗೆ ಮುಚ್ಚಿದರು. ಸೆಟ್ಟು ಹಾಡಿತು. ಪೇಟೆಯ ಬೀದಿಯ ಹಳ್ಳಗಳಲ್ಲೆಲ್ಲ ಲಾರಿ ಓಡಿಸಿ ನೋಡಿದರು. ಹಾಡುತ್ತಲೇ ಇತ್ತು.

ಎರಡು ದಿನ ಬಿಟ್ಟು ಪಟ್ಟಿ ಬಿಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ಚಿಕ್ಕತಾಯವ್ವ ಲಾರಿಯ ಹತ್ತಿರ ಬಂದು ಚೆನ್ನಂಜಪ್ಪನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

“ನೀನೇನಾ? ದನಿ ಕೇಳಿ ಎತ್ತರದ ಆಳು ಅಂದ್ಕೊಂಡಿದ್ದೆ,” ಅಂದಳು.

ಎಲ್ಲರೂ ನಕ್ಕರು. ಚೆನ್ನಂಜಪ್ಪನೂ ನಕ್ಕ.

ಹೊರಡುವ ಮೊದಲು ಅವನು ಬ್ಯಾಟರಿ ಪೆಟ್ಟಿಗೆ ತೆಗೆದು ಎಲ್ಲರಿಗೂ ಫ್ಯೂಸು ತೋರಿಸಿದ. ಸಿದ್ದಮಲ್ಲಪ್ಪ ಬಗ್ಗಿ, ಹೊಸ ಕಣ್ಣಿಂದ ಚೆನ್ನಾಗಿ ನೋಡಿ, ಹೂಂ ಅಂದರು.

ದಾರಿಯುದ್ದಕ್ಕೂ ಪದ ನಡೆಯಿತು. ಹನ್ನೊಂದು ಜನರನ್ನೂ ಅವರವರ ಊರಲ್ಲಿ ಇಳಿಸಿದ ಮೇಲೆ ಗುರುಗಳು ಮುಂದೆ ಬಂದು ಕೂತರು. ಚೆನ್ನಂಜಪ್ಪ ಹಾಡು ಸಣ್ಣಗೆ ಮಾಡಿದ. ಆಶ್ರಮಕ್ಕೆ ಇನ್ನು ಒಂದು ಮೈಲಿ ಇತ್ತು. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು.

“ಬುದ್ಧಿ,” ಅಂದ, “ಆ ಕೋಣೇಲಿ ನಿಂತು ಹೇಳಿದ ಮೇಲೆ ಎದೆ ಮೇಲಿನ ಭಾರ ಇಳಿದ ಹಾಗಾಯ್ತು. ಎಷ್ಟು ಹೆದರಿದ್ದೆ. ನೋಡಿದ್ರೆ ಇಷ್ಟು ಸುಲಭ.”

ಗುರುಗಳು ರಸ್ತೆ ನೋಡುತ್ತಿದ್ದರು.

“ಜಗುಲಿ ಮೇಲೆ ನಾನು ಕೇಳಿದಾಗ ಇನ್ನೂ ಸುಲಭ ಇತ್ತು,” ಅಂದರು.